ಬೆರಳಗಲದ ಉಕ್ಕಿನಲ್ಲಿ ಒಂದು ಬದುಕು

ಮನೆಯಲ್ಲಿ ಐನೂರು ರೂಪಾಯಿಯ ಹೊಸ ನೋಟೊಂದಿದ್ದರೆ ಅದನ್ನು ಮೇಜಿನ ಮೇಲೆ ಹರಡಿ, ಕಣ್ಣು ಮುಚ್ಚಿಕೊಂಡು, ಗಾಂಧೀಜಿಯವರ ಚಿತ್ರದ ಮೇಲೆ ಬೆರಳ ತುದಿಯನ್ನು ಮೆಲ್ಲಗೆ ಆಡಿಸಿ ನೋಡಿ. ಏನೋ ತರಿತರಿಯಾಗಿ ಕೈಗೆ ತಗಲುತ್ತದೆ. ಶಾಯಿ ಕಾಗದದ ಮೇಲೆ ಕೂದಲೆಳೆಯಷ್ಟು ಉಬ್ಬಿ ನಿಂತಿರುತ್ತದೆ. ಹಾಗೆ ನಿಲ್ಲಬೇಕಾದರೆ ಅಚ್ಚಿನ ಮೇಲಿನ ಗೆರೆಗಳು ತಗ್ಗಾಗಿರಬೇಕು. ಆ ತಗ್ಗಿನೊಳಗೆ ಶಾಯಿ ತುಂಬಿ, ಮೇಲ್ಮೈಯನ್ನು ಚೆನ್ನಾಗಿ ಒರೆಸಿ, ಬಲವಾದ ಒತ್ತಡದಲ್ಲಿ ಕಾಗದವನ್ನು ಅದುಮಿದಾಗ ಕಾಗದ ತಗ್ಗಿನೊಳಕ್ಕೆ ಇಳಿದು ಶಾಯಿಯನ್ನು ಹೀರಿಕೊಂಡು ಮೇಲೇಳುತ್ತದೆ. ಮುದ್ರಣದ ಹಳೆಯ ವಿದ್ಯೆಗಳಲ್ಲಿ ಇದೊಂದು. ನೋಟಿಗೆ ಇದನ್ನು ಇಂದಿಗೂ ಬಿಡದೆ ಇಟ್ಟುಕೊಂಡಿರುವುದಕ್ಕೆ ಮುಖ್ಯ ಕಾರಣ, ಕಳ್ಳ ನೋಟು ಮಾಡುವವರಿಗೆ ಇದನ್ನು ಅನುಕರಿಸುವುದು ಕಷ್ಟ ಎಂಬುದೇ.

ಜಗತ್ತಿನ ಮೊದಲ ಅಂಚೆಚೀಟಿ, 1840ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ‘ಪೆನ್ನಿ ಬ್ಲಾಕ್’, ಹೀಗೆಯೇ ತಯಾರಾಯಿತು. ವಿಕ್ಟೋರಿಯಾ ರಾಣಿಯ ಮುಖವನ್ನು ಚಾರ್ಲ್ಸ್ ಹೀತ್ ಮತ್ತು ಆತನ ಮಗ ಫ್ರೆಡರಿಕ್ ಉಕ್ಕಿನಲ್ಲಿ ಕೆತ್ತಿದರು. ಅಲ್ಲಿಯೂ ನಕಲಿಯ ಭಯವೇ ಮುಂದಿತ್ತು. ಪರಿಚಿತ ಮುಖವೊಂದರಲ್ಲಿ ತುಟಿಯೋ ಹುಬ್ಬೋ ಒಂದಿಷ್ಟು ಓರೆಯಾದರೂ ಕಣ್ಣು ಥಟ್ಟನೆ ಹಿಡಿದುಬಿಡುತ್ತದೆಯಷ್ಟೆ. ಫ್ರಾನ್ಸಿನ ಮೊದಲ ಅಂಚೆಚೀಟಿ ಬಂದದ್ದು 1849ರ ಜನವರಿ 1ರಂದು. ಆದರೆ ಅಲ್ಲಿನವರು ಬಹುಕಾಲ ಉಬ್ಬಚ್ಚಿನ ವಿಧಾನವನ್ನೇ ನೆಚ್ಚಿಕೊಂಡಿದ್ದರು. ತಗ್ಗು ಕೆತ್ತನೆಯ ಚೀಟಿಗಳು ಅಲ್ಲಿ ಬೇರೂರಿದ್ದು 1920ರ ದಶಕದ ಕೊನೆಗೆ ಮತ್ತು 1930ರ ದಶಕದಲ್ಲಿ. ತಡವಾಗಿ ಬಂದರೂ ಫ್ರೆಂಚರು ಈ ವಿದ್ಯೆಯನ್ನು ಎಷ್ಟರಮಟ್ಟಿಗೆ ತಮ್ಮದಾಗಿಸಿಕೊಂಡರೆಂದರೆ, ಕೆತ್ತನೆಯ ಅಂಚೆಚೀಟಿ ಎಂದೊಡನೆ ಇಂದು ಸಂಗ್ರಾಹಕರ ಮನಸ್ಸಿಗೆ ಬರುವ ಮೊದಲ ಹೆಸರುಗಳಲ್ಲಿ ಫ್ರಾನ್ಸ್ ಒಂದು. ಆ ಕೀರ್ತಿಯನ್ನು ತಂದುಕೊಟ್ಟ ಕೈಗಳಲ್ಲಿ ಆಲ್ಬೇರ್ ಡೆಕಾರಿಸ್‌ನ ಕೈ ಪ್ರಮುಖವಾದದ್ದು.

ಡೆಕಾರಿಸ್ ಹುಟ್ಟಿದ್ದು 1901ರ ಮೇ 6ರಂದು, ನಾರ್ಮಂಡಿಯ ರೂಆಂ ನಗರಕ್ಕೆ ಅಂಟಿಕೊಂಡಿರುವ ಸೋತ್‌ವಿಲ್ ಎಂಬ ಊರಿನಲ್ಲಿ. ಅದು ರೈಲ್ವೆ ಕಾರ್ಯಾಗಾರಗಳ ಊರು. ಹುಡುಗ ಕಲಿತದ್ದು ಪ್ಯಾರಿಸ್ಸಿನ ಎಕೋಲ್ ಎಸ್ತಿಯೆನ್ ಎಂಬ ಶಾಲೆಯಲ್ಲಿ. ಈ ಶಾಲೆಯ ವಿಷಯ ಸ್ವಲ್ಪ ಹೇಳಲೇಬೇಕು. ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ಹೆಸರಾಗಿದ್ದ ಎಸ್ತಿಯೆನ್ ಎಂಬ ಮುದ್ರಕರ ಮನೆತನದ ನೆನಪಿಗೆ 1889ರಲ್ಲಿ ತೆರೆದ ಶಾಲೆಯದು. ಪುಸ್ತಕಕ್ಕೆ ಸಂಬಂಧಿಸಿದ ಕಸುಬುಗಳನ್ನು, ಅಂದರೆ ಮೊಳೆ ಜೋಡಿಸುವುದು, ಅಚ್ಚು ಹಾಕುವುದು, ರಟ್ಟು ಕಟ್ಟುವುದು, ಕೆತ್ತನೆ ಮುಂತಾದವನ್ನು ಕಲಿಸುವುದು ಅದರ ಉದ್ದೇಶ. ದೊಡ್ಡ ಕಲಾವಿದರನ್ನು ತಯಾರಿಸುತ್ತೇವೆಂದು ಹೊರಟ ಶಾಲೆಯಲ್ಲ ಅದು. ಓದು ಮುಗಿಸಿದ ಹುಡುಗ ಯಾವುದಾದರೊಂದು ಮುದ್ರಣಾಲಯದಲ್ಲಿ ನಿಂತು ನಾಲ್ಕು ಕಾಸು ದುಡಿಯುವಂತಾಗಬೇಕು, ಅಷ್ಟೆ. ‘ಚಿತ್ರ ಬರೆದರೆ ಹೊಟ್ಟೆ ತುಂಬೀತೇ?’ ಎಂಬುದು ಎಲ್ಲ ದೇಶದ ತಂದೆತಾಯಿಗಳ ಪ್ರಶ್ನೆಯೂ ಆಗಿರುವುದರಿಂದ, ಇಂಥ ಶಾಲೆಯೊಂದಿದ್ದದ್ದು ಅಲ್ಲಿನ ಅನೇಕ ಮನೆಗಳಿಗೆ ಸಮಾಧಾನ ತಂದಿರಬೇಕು.

ಕಸುಬಿನ ಶಾಲೆಯಿಂದ ಬಂದ ಈ ಹುಡುಗ ಪ್ಯಾರಿಸ್ಸಿನ ಲಲಿತಕಲಾ ಶಾಲೆಯನ್ನೂ ಸೇರಿದ. 1919ರಲ್ಲಿ, ಮೊದಲ ಮಹಾಯುದ್ಧದ ಗಾಯ ಇನ್ನೂ ಹಸಿಯಾಗಿದ್ದಾಗ, ಕೆತ್ತನೆ ವಿಭಾಗದಲ್ಲಿ ‘ರೋಮ್ ಪ್ರಶಸ್ತಿ’ ಪಡೆದ. ಆಗ ಈತನ ವಯಸ್ಸು ಕೇವಲ ಹದಿನೆಂಟು. ಹದಿನೇಳನೆಯ ಶತಮಾನದಿಂದ 1968ರವರೆಗೆ ನಡೆದುಬಂದ ಈ ಪ್ರಶಸ್ತಿಗಾಗಿ ಫ್ರಾನ್ಸಿನ ತರುಣ ಕಲಾವಿದರು ವರ್ಷಗಟ್ಟಲೆ ಹೆಣಗುತ್ತಿದ್ದರು. ಗೆದ್ದವರಿಗೆ ಸರ್ಕಾರದ ಖರ್ಚಿನಲ್ಲಿ ರೋಮ್ ನಗರದ ವಿಲ್ಲಾ ಮೆದಿಚಿಯಲ್ಲಿ ವಾಸ. ಕಣ್ಣೆದುರಿಗೇ ಪುರಾತನ ರೋಮಿನ ಶಿಲ್ಪಗಳು, ಕಮಾನುಗಳು, ಪಾಳು ದೇಗುಲಗಳು. ಮುಂದೆ ಡೆಕಾರಿಸ್‌ನ ಕೆತ್ತನೆಗಳಲ್ಲಿ ಕಾಣುವ ಭಾರಿ ಕಂಬಗಳಿಗೂ ತೋಳು ತಿರುಚಿ ನಿಂತ ಆಕೃತಿಗಳಿಗೂ ಈ ಇಟಲಿಯ ವಾಸವೇ ಮೂಲವೆಂದರೆ ತಪ್ಪಾಗಲಾರದು.

ಈತನ ಆಯುಧ ಬ್ಯೂರಿನ್. ಅಂಗೈಗೆ ಕೂರುವ ಮರದ ಹಿಡಿಯಿರುವ, ತುದಿಯನ್ನು ಓರೆಯಾಗಿ ಮಸೆದ ಪುಟ್ಟ ಉಕ್ಕಿನ ಉಳಿ ಅದು. ನಮ್ಮ ಅಕ್ಕಸಾಲಿಗಳು ಬಳೆಯ ಮೇಲೆ ಹೂಬಳ್ಳಿ ತೆಗೆಯುವ ಉಳಿಯ ಬಳಗಕ್ಕೇ ಸೇರಿದ್ದು ಎನ್ನಬಹುದು. ಆದರೆ ಇದಕ್ಕೆ ಸುತ್ತಿಗೆಯ ಪೆಟ್ಟಿಲ್ಲ. ಅಂಗೈಯಿಂದ ಮುಂದಕ್ಕೆ ತಳ್ಳಿದರೆ ಲೋಹದಿಂದ ಸಣ್ಣ ಸುರುಳಿಯೊಂದು ಎದ್ದು ಬರುತ್ತದೆ, ಹಿಂದೆ ಗೆರೆಯೊಂದು ಉಳಿಯುತ್ತದೆ. ಪೆನ್ಸಿಲ್ ಹಿಡಿದವನು ಕೈಯನ್ನು ಬೇಕಾದಂತೆ ಹೊರಳಿಸುತ್ತಾನೆ. ಬ್ಯೂರಿನ್ ಹಿಡಿದವನ ಕೈ ಹೆಚ್ಚುಕಡಿಮೆ ಒಂದೇ ದಿಕ್ಕಿನಲ್ಲಿ ನೂಕುತ್ತಿರುತ್ತದೆ. ಗೆರೆ ಬಾಗಬೇಕಾದಾಗ ಆತ ಎಡಗೈಯಿಂದ ಕೆಳಗಿನ ತಗಡನ್ನೇ ತಿರುಗಿಸಬೇಕು. ಎಡಗೈ, ಬಲಗೈ ಎರಡೂ ಒಂದೇ ತಾಳದಲ್ಲಿ ನಡೆಯದಿದ್ದರೆ ಉಳಿ ಜಾರಿತೆಂದೇ ಲೆಕ್ಕ. ಇಲ್ಲಿ ಅಳಿಸುವ ರಬ್ಬರಿಲ್ಲ. ಅಲ್ಪಸ್ವಲ್ಪ ತಿದ್ದಬಹುದು, ಆದರೆ ಅದು ಹೊಸದಾಗಿ ಕೆತ್ತುವುದಕ್ಕಿಂತ ತ್ರಾಸದ ಕೆಲಸ.

ಇದು ಸಾಲದೆಂಬಂತೆ ಅಂಚೆಚೀಟಿಯ ಕೆತ್ತನೆಗೆ ಇನ್ನೆರಡು ಕಟ್ಟುಗಳಿವೆ. ಚಿತ್ರವನ್ನು ದೊಡ್ಡದಾಗಿ ಕೆತ್ತಿ ಆಮೇಲೆ ಕುಗ್ಗಿಸುವ ಹಾಗಿಲ್ಲ. ಚೀಟಿ ಎಷ್ಟಿದೆಯೋ ಅಷ್ಟೇ ಅಳತೆಯಲ್ಲಿ, ಎರಡು ಬೆರಳಿನಲ್ಲಿ ಮುಚ್ಚಿಹೋಗುವಷ್ಟು ಜಾಗದಲ್ಲಿ, ಭೂತಗನ್ನಡಿಯ ಕೆಳಗೆ ಎಲ್ಲವೂ ಆಗಬೇಕು. ಎರಡನೆಯದಾಗಿ, ಅಕ್ಷರವೂ ಚಿತ್ರವೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರಬೇಕು. ಕಪ್ಪು, ಬಿಳುಪು, ಇವೆರಡರ ನಡುವಿನ ಬೂದುಬಣ್ಣವನ್ನು ಬಳಿಯಲು ಕುಂಚವಿಲ್ಲ. ಗೆರೆ ಆಳವಾದರೆ ಕಪ್ಪು. ತೆಳುವಾದರೆ, ವಿರಳವಾದರೆ ಬೆಳಕು. ಒಂದರ ಮೇಲೊಂದು ಅಡ್ಡ ಬಂದರೆ ನೆರಳು. ಆಕಾಶ, ನೀರು, ಕಲ್ಲು, ಕೆನ್ನೆ ಎಲ್ಲವನ್ನೂ ಈ ಲೆಕ್ಕದಲ್ಲೇ ತೋರಿಸಬೇಕು.

ಕೆತ್ತನೆಯಾದ ಮೆದು ಉಕ್ಕಿನ ಅಚ್ಚನ್ನು ಕಾಯಿಸಿ ಹದ ಕೊಟ್ಟು ಗಡಸುಗೊಳಿಸುತ್ತಿದ್ದರು. ಅದರ ಮೇಲೆ ಮೆದು ಉಕ್ಕಿನ ಪುಟ್ಟ ಉರುಳೆಯನ್ನು ಒತ್ತಡದಲ್ಲಿ ಉರುಳಿಸಿದರೆ ತಗ್ಗಿನ ಗೆರೆಗಳು ಉರುಳೆಯ ಮೇಲೆ ಉಬ್ಬುಗೆರೆಗಳಾಗಿ ಮೂಡುತ್ತವೆ. ಆ ಉರುಳೆಗೂ ಹದ ಕೊಟ್ಟು, ಮುದ್ರಣಯಂತ್ರದ ಸಿಲಿಂಡರಿನ ಮೇಲೆ ಮತ್ತೆ ಮತ್ತೆ ಒತ್ತಿದರೆ ಒಂದು ಹಾಳೆಗೆ ಬೇಕಾದಷ್ಟು ಚಿತ್ರಗಳು ಸಾಲಾಗಿ ಸಿದ್ಧ. ಹೀಗೆ ಒಬ್ಬನೇ ಮನುಷ್ಯ ದಿನಗಟ್ಟಲೆ ಕೂತು ಕೆತ್ತಿದ ಒಂದೇ ಒಂದು ಅಚ್ಚಿನಿಂದ ಲಕ್ಷೋಪಲಕ್ಷ ಚೀಟಿಗಳು ಹುಟ್ಟುತ್ತಿದ್ದವು. ಉಳಿ ಜಾರಿ ಆದ ತಪ್ಪೂ ಅಷ್ಟೇ ಲಕ್ಷಗಳಾಗಿ ಊರೂರು ಸುತ್ತುತ್ತಿತ್ತು ಎಂಬುದನ್ನೂ ಮರೆಯುವಂತಿಲ್ಲ!

ಡೆಕಾರಿಸ್‌ನ ಮೊದಲ ಅಂಚೆಚೀಟಿ ಹೊರಬಂದದ್ದು 1935ರಲ್ಲಿ. ದಕ್ಷಿಣ ಫ್ರಾನ್ಸಿನ ಆರ್ಲ್ ಪಟ್ಟಣದಲ್ಲಿ, ಚಿತ್ರಕಾರ ವ್ಯಾನ್ ಗೋ ಕೆಲಕಾಲ ಬಾಳಿದ್ದ ಅದೇ ಆರ್ಲ್‌ನಲ್ಲಿ, ಸೇಂಟ್ ತ್ರೋಫಿಮ್ ಇಗರ್ಜಿಗೆ ಸೇರಿದ ಕಂಬಸಾಲಿನ ಒಂದು ಹಳೆಯ ಅಂಗಳವಿದೆ. ಮಧ್ಯಯುಗದ ಶಿಲ್ಪಿಗಳು ಅಲ್ಲಿನ ಕಂಬಗಳ ತಲೆಯ ಮೇಲೆ ಬೈಬಲ್ಲಿನ ಕಥೆಗಳನ್ನು ಕಡೆದಿದ್ದಾರೆ. ಮೂರೂವರೆ ಫ್ರಾಂಕ್ ಬೆಲೆಯ ಆ ಚೀಟಿಯಲ್ಲಿ ಡೆಕಾರಿಸ್ ತೋರಿಸಿದ್ದು ಈ ಅಂಗಳವನ್ನು. ಕಲ್ಲಿನಲ್ಲಿ ಉಳಿ ಆಡಿಸಿದವರ ಕೆಲಸವನ್ನು ಉಕ್ಕಿನಲ್ಲಿ ಉಳಿ ಆಡಿಸುವವನು ಮತ್ತೆ ಕೆತ್ತಿದಂತಾಯಿತು. ಆ ಹೊತ್ತಿಗೆ ಈತ ತಾಮ್ರದ ದೊಡ್ಡ ದೊಡ್ಡ ತಗಡುಗಳಲ್ಲಿ ಕೆತ್ತಿ ಹೆಸರು ಮಾಡಿದ್ದವನು. ಹಲವು ಪುಸ್ತಕಗಳಿಗೆ ಚಿತ್ರ ಕೆತ್ತಿಕೊಟ್ಟವನು. ಅಂಥವನಿಗೆ ಇಷ್ಟು ಕಿರಿದಾದ ಜಾಗ ಉಸಿರು ಕಟ್ಟಿಸಬೇಕಿತ್ತು. ಹಾಗಾಗಲಿಲ್ಲ. ಮುಂದಿನ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಈತ ಅಂಚೆಚೀಟಿ ಕೆತ್ತುತ್ತಲೇ ಇದ್ದ. ಫ್ರಾನ್ಸ್ ಒಂದಕ್ಕೇ ನೂರಕ್ಕೂ ಹೆಚ್ಚು. ಮೊನಾಕೊ, ಅಂಡೋರ, ಆಫ್ರಿಕದಲ್ಲಿ ಫ್ರೆಂಚ್ ಬಳಸುವ ನಾಡುಗಳು, ಇವನ್ನೆಲ್ಲ ಸೇರಿಸಿದರೆ ಲೆಕ್ಕ ಹಲವು ನೂರುಗಳನ್ನು ಮುಟ್ಟುತ್ತದೆ.

1943ರಲ್ಲಿ ಫ್ರಾನ್ಸಿನ ಲಲಿತಕಲಾ ಅಕಾಡೆಮಿ ಈತನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು. ಆದರೆ ಡೆಕಾರಿಸ್‌ಗೆ ದೊರೆತ ಮನ್ನಣೆಗಳಲ್ಲಿ ಇಂದಿನ ಓದುಗರಿಗೆ ಅಚ್ಚರಿ ತರಿಸುವಂಥದು ಬೇರೆಯೇ ಇದೆ. ಈತ ಒಲಿಂಪಿಕ್ಸ್ ಚಿನ್ನದ ಪದಕ ವಿಜೇತ!

ಈಜಿದ್ದಕ್ಕೋ ಓಡಿದ್ದಕ್ಕೋ ಅಲ್ಲ, ಕೆತ್ತಿದ್ದಕ್ಕೆ. ಆಧುನಿಕ ಒಲಿಂಪಿಕ್ಸ್ ಆರಂಭಿಸಿದ ಕುಬರ್ತ್ಯಾಂ ಎಂಬ ಫ್ರೆಂಚ್ ಗಣ್ಯನಿಗೆ, ದೇಹದ ಜೊತೆಗೆ ಮನಸ್ಸಿನ ಸ್ಪರ್ಧೆಯೂ ಇರಬೇಕೆಂಬ ಹಂಬಲವಿತ್ತು. ಅದರ ಫಲವಾಗಿ 1912ರ ಸ್ಟಾಕ್‌ಹೋಮ್ ಕ್ರೀಡಾಕೂಟದಿಂದ ವಾಸ್ತುಶಿಲ್ಪ, ಸಾಹಿತ್ಯ, ಸಂಗೀತ, ಚಿತ್ರಕಲೆ, ಶಿಲ್ಪ ಈ ಐದು ಕಲೆಗಳಿಗೂ ಪದಕಗಳು ಬಂದವು. ಕೃತಿಯ ವಸ್ತು ಕ್ರೀಡೆಯೇ ಆಗಿರಬೇಕೆಂಬುದು ನಿಯಮ. (ಆ ಮೊದಲ ವರ್ಷ ಸಾಹಿತ್ಯದ ಚಿನ್ನ ಗೆದ್ದವನು ಸುಳ್ಳು ಹೆಸರಿನಲ್ಲಿ ಬರೆದಿದ್ದ ಕುಬರ್ತ್ಯಾಂ ತಾನೇ!) 1948ರಲ್ಲಿ ಲಂಡನ್ ಒಲಿಂಪಿಕ್ಸ್ ನಡೆದಾಗ ಕಲಾಕೃತಿಗಳನ್ನು ಅಲ್ಲಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟರು. ಕೆತ್ತನೆಯ ವಿಭಾಗದಲ್ಲಿ ಡೆಕಾರಿಸ್‌ನ ‘ಈಜುಕೊಳ’ಕ್ಕೆ ಚಿನ್ನ ಬಂತು. ಬೆಳ್ಳಿ ಪಡೆದವನು ಬ್ರಿಟನ್ನಿನ ಜಾನ್ ಕಾಪ್ಲಿ. ಪೋಲೊ ಆಟಗಾರರನ್ನು ಚಿತ್ರಿಸಿದ್ದ ಆತನಿಗೆ ಆಗ ಎಪ್ಪತ್ತಮೂರು ವರ್ಷ. ಒಲಿಂಪಿಕ್ಸ್‌ನ ಯಾವುದೇ ಪದಕ ಗೆದ್ದವರಲ್ಲಿ ಅವನಷ್ಟು ವಯಸ್ಸಾದವರು ಮತ್ತೊಬ್ಬರಿಲ್ಲ. ಸ್ವತಂತ್ರ ಭಾರತದ ಹಾಕಿ ತಂಡ ವೆಂಬ್ಲಿಯಲ್ಲಿ ಬ್ರಿಟನ್ನನ್ನು ನಾಲ್ಕು ಗೋಲುಗಳಿಂದ ಸೋಲಿಸಿ ಚಿನ್ನ ಗೆದ್ದ ಕ್ರೀಡಾಕೂಟವೂ ಇದೇ.

ಕಲೆಯ ಪದಕಗಳಿಗೆ ಅದೇ ಕೊನೆ. ಒಲಿಂಪಿಕ್ಸ್ ಆಗ ಕಟ್ಟಾ ಹವ್ಯಾಸಿಗಳ ಕೂಟ. ಆಟದಿಂದ ಸಂಪಾದಿಸುವವನಿಗೆ ಅಲ್ಲಿ ಜಾಗವಿರಲಿಲ್ಲ. ಹಾಗಿರುವಾಗ ಚಿತ್ರ ಬರೆದು, ಕೆತ್ತಿ, ಅದರಿಂದಲೇ ಬದುಕುವವರಿಗೆ ಪದಕ ಕೊಡುವುದು ಸರಿಯೇ ಎಂಬ ತಕರಾರು ಎದ್ದಿತು. ಕಲಾವಿದರು ವೃತ್ತಿಪರರು ಎಂಬ ಕಾರಣಕ್ಕೆ ಸ್ಪರ್ಧೆಯನ್ನೇ ಕೈಬಿಟ್ಟರು. ದೇಶಗಳ ಪದಕಪಟ್ಟಿಯಲ್ಲಿ ಇಂದು ಕಲೆಯ ಪದಕಗಳನ್ನು ಎಣಿಸುವುದಿಲ್ಲ. ಹಾಗಾಗಿ ಡೆಕಾರಿಸ್‌ನ ಚಿನ್ನ ಫ್ರಾನ್ಸಿನ ಲೆಕ್ಕಕ್ಕೆ ಸೇರುವುದಿಲ್ಲ. ವಿಚಾರ ಮಾಡಿದರೆ ಇದೊಂದು ವಿಚಿತ್ರ ನ್ಯಾಯ. ದುಡಿದು ತಿನ್ನಲೆಂದು ಬಾಲ್ಯದಲ್ಲೇ ಕಸುಬಿನ ಶಾಲೆಗೆ ಸೇರಿದವನು, ಆ ಕಸುಬಿನಲ್ಲಿ ಜಗತ್ತಿಗೇ ಮೊದಲಿಗನಾದ ಮೇಲೆ, ಕಸುಬಿನವನೆಂಬ ಕಾರಣಕ್ಕೇ ಪಟ್ಟಿಯಿಂದ ಹೊರಗುಳಿಯುವುದು! ಕ್ರೀಡಾಪಟುಗಳು ಲಕ್ಷ ಲಕ್ಷ ಸಂಪಾದಿಸುತ್ತಲೇ ಒಲಿಂಪಿಕ್ಸ್‌ನಲ್ಲಿ ಆಡುವ ಈ ಕಾಲದಲ್ಲಂತೂ ಆ ತಕರಾರಿಗೆ ಅರ್ಥವೇ ಉಳಿದಿಲ್ಲ.

ಪದಕ ಬಂದ ಮೇಲೂ ಡೆಕಾರಿಸ್ ಚೀಟಿ ಕೆತ್ತುವುದನ್ನು ಬಿಡಲಿಲ್ಲ. ಜನ ನಾಲಿಗೆಯಿಂದ ನೆಕ್ಕಿ ಲಕೋಟೆಗೆ ಅಂಟಿಸುವ, ಕಾಗದ ಓದಿದ ಮೇಲೆ ಲಕೋಟೆಯೊಂದಿಗೆ ಬುಟ್ಟಿಗೆ ಎಸೆಯುವ ವಸ್ತು ಅಂಚೆಚೀಟಿ. 1960ರ ಜನವರಿಯಲ್ಲಿ ಫ್ರಾನ್ಸ್ ನೂರು ಹಳೆಯ ಫ್ರಾಂಕಿಗೆ ಒಂದು ಹೊಸ ಫ್ರಾಂಕ್ ಎಂದು ನಾಣ್ಯವನ್ನು ಬದಲಾಯಿಸಿದಾಗ ಹೊಸ ಬೆಲೆಯ ಚೀಟಿಗಳೂ ಬೇಕಾದವು. ಆ ವರ್ಷ ಬಂದ 25 ಸಾಂತೀಮಿನ ದಿನಬಳಕೆಯ ಚೀಟಿಯಲ್ಲಿದ್ದದ್ದು ಡೆಕಾರಿಸ್‌ನ ಮರಿಯಾನ್. ಮರಿಯಾನ್ ಎಂದರೆ ಫ್ರೆಂಚ್ ಗಣರಾಜ್ಯಕ್ಕೆ ಹೆಣ್ಣಿನ ರೂಪ ಕೊಟ್ಟು ಕರೆಯುವ ಹೆಸರು. ನಮ್ಮ ಭಾರತಮಾತೆಯ ಹಾಗೆ ಎಂದುಕೊಳ್ಳಿ. ಎರಡು ವರ್ಷಗಳ ನಂತರ, ಫ್ರಾನ್ಸಿನ ಇನ್ನೊಂದು ಲಾಂಛನವಾದ ಹುಂಜವನ್ನೂ ಈತ ಚೀಟಿಗೆ ಇಳಿಸಿದ.

ಈ ಎರಡರ ನಡುವೆ, 1961ರಲ್ಲಿ, ಬಂದ ಚೀಟಿಯ ಕಥೆ ಹೆಚ್ಚು ಸ್ವಾರಸ್ಯವಾದುದು. ಕವಿ, ನಾಟಕಕಾರ, ಚಲನಚಿತ್ರ ನಿರ್ದೇಶಕ ಎಲ್ಲವೂ ಆಗಿದ್ದ ಜಾನ್ ಕೊಕ್ತೋ ಮರಿಯಾನಳ ಮುಖವೊಂದನ್ನು ಬರೆದುಕೊಟ್ಟ. ಕೊಕ್ತೋನ ಚಿತ್ರವೆಂದರೆ ಪೆನ್ನು ಎತ್ತದೆ ಸರಸರನೆ ಎಳೆದಂಥ ಗೆರೆ. ನೆರಳಿಲ್ಲ, ಭಾರವಿಲ್ಲ, ಕ್ಷಣಾರ್ಧದಲ್ಲಿ ಮುಗಿದಂತಿರುತ್ತದೆ. ಅದನ್ನು ಕೆತ್ತುವ ಕೆಲಸ ಬಿದ್ದದ್ದು ಡೆಕಾರಿಸ್‌ನ ಪಾಲಿಗೆ. ಇಬ್ಬರ ಸ್ವಭಾವವೂ ಎಣ್ಣೆ ಸೀಗೆಕಾಯಿ. ಡೆಕಾರಿಸ್‌ನದು ಒತ್ತೊತ್ತಾದ ಗೆರೆ, ಕಪ್ಪು ನೆರಳು, ಗಾಳಿಗೆ ಹಾರುವ ಉಡುಪು, ಹುರಿಗಟ್ಟಿದ ಸ್ನಾಯು. ಈಗ ಅವನು ತನ್ನ ಬಲವನ್ನೆಲ್ಲ ಬದಿಗಿಟ್ಟು, ಇನ್ನೊಬ್ಬನ ಕೈ ಒಂದು ಗಳಿಗೆಯಲ್ಲಿ ಎಳೆದುಬಿಟ್ಟ ಗೆರೆಯನ್ನು ಲೋಹದಲ್ಲಿ ಇಂಚಿಂಚಾಗಿ, ತಗಡು ತಿರುಗಿಸುತ್ತ ತಿರುಗಿಸುತ್ತ ಹಿಂಬಾಲಿಸಬೇಕು. ಅಷ್ಟಾಗಿ ನೋಡುವವರಿಗೆ ಅದು ಥಟ್ಟನೆ ಎಳೆದ ಗೆರೆಯಂತೆಯೇ ಕಾಣಬೇಕು. 20 ಸಾಂತೀಮಿನ ಆ ನೀಲಿ ಕೆಂಪು ಚೀಟಿಯನ್ನು ನೋಡಿದರೆ ಡೆಕಾರಿಸ್ ಅಲ್ಲಿ ಇದ್ದಾನೆಂದೇ ತಿಳಿಯುವುದಿಲ್ಲ. ಕೆತ್ತನೆಗಾರನೊಬ್ಬನಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇರಿರಲಾರದು.

ಈತನದೇ ಕೈವಾಡ ಪೂರ್ತಿ ಕಾಣುವುದು ಇತಿಹಾಸದ ಚೀಟಿಗಳಲ್ಲಿ. 1966ರಲ್ಲಿ ಆರಂಭವಾಗಿ ಕೆಲವು ವರ್ಷ ನಡೆದ ಫ್ರೆಂಚ್ ಇತಿಹಾಸದ ಮಾಲೆಯಲ್ಲಿ ಮೊದಲ ಕಂತಾಗಿ ಮೂವರು ಬಂದರು: ರೋಮಿನ ಸೀಸರನನ್ನು ಎದುರಿಸಿ ಹೋರಾಡಿದ ಗಾಲ್ ನಾಯಕ ವೆರ್ಸಿಂಜೆತೊರಿಕ್ಸ್, ಕ್ರೈಸ್ತಮತ ಸ್ವೀಕರಿಸಿದ ದೊರೆ ಕ್ಲೋವಿಸ್, ಚಕ್ರವರ್ತಿ ಶಾರ್ಲಮೇನ್. ಸಂಗ್ರಹದ ಹವ್ಯಾಸವಿದ್ದ ಫ್ರೆಂಚ್ ಮಕ್ಕಳಿಗೆ ಇತಿಹಾಸದ ಪಾಠ ಕಿಸೆಯಲ್ಲಿ ಇಟ್ಟುಕೊಳ್ಳುವಷ್ಟು ಸಣ್ಣದಾಗಿ ದೊರೆತಂತಾಯಿತು. ಡೆಕಾರಿಸ್‌ನನ್ನು ಮೆಚ್ಚದವರೂ ಇದ್ದಾರೆನ್ನಿ. ಅವರ ದೂರು ಸುಳ್ಳೂ ಅಲ್ಲ. ಕೆಲವು ಚೀಟಿಗಳಲ್ಲಿ ಈತ ಕುದುರೆ, ಈಟಿ, ಕೋಟೆ, ಮೋಡ ಎಲ್ಲವನ್ನೂ ತುಂಬಿ, ಕಣ್ಣಿಗೆ ನಿಲ್ಲಲು ಜಾಗವೇ ಇಲ್ಲದಂತೆ ಮಾಡುತ್ತಾನೆ. ಗೋಡೆಗೆ ಮಾಡಿದ ಚಿತ್ರವನ್ನು ಚೀಟಿಗೆ ತುರುಕಿದಂತೆ ಕಾಣುತ್ತದೆ. ಇವನ ಸಮಕಾಲೀನ ಪಿಯೇರ್ ಗಾಂದೋನ್ ಕೆತ್ತಿದ ಮುಖಗಳ ಶಾಂತಿ, ಬಿಡುವು ಇಲ್ಲಿ ಸಿಗುವುದಿಲ್ಲ. ಆದರೆ ಅದೇ ಚೀಟಿಯನ್ನು ಭೂತಗನ್ನಡಿಯ ಕೆಳಗಿಟ್ಟರೆ ಮಾತು ಬೇರೆ. ಗದ್ದಲವೆನಿಸಿದ್ದು ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ. ಕುದುರೆಯ ಕತ್ತಿನ ಮೇಲೆ ಓಡುವ ಗೆರೆ ಎಲ್ಲಿ ಆಳವಾಯಿತು, ಎಲ್ಲಿ ಹಗುರಾಯಿತು, ಎಲ್ಲಿ ಉಳಿ ಎತ್ತಿದ ಎಂಬುದೆಲ್ಲ ಕಾಣುತ್ತದೆ. ಈತನ ಚೀಟಿಗಳನ್ನು ಬರಿಗಣ್ಣಿನಿಂದ ನೋಡಿ ತೀರ್ಪು ಕೊಡಬಾರದು.

ಭೂತಗನ್ನಡಿ ಹಿಡಿದವರು ಇನ್ನೊಂದು ಪರೀಕ್ಷೆಯನ್ನೂ ಮಾಡಬಹುದು. 1948ರ ಆಗಸ್ಟ್ 15ರಂದು ಹೊರಬಂದ ಭಾರತದ ಪ್ರಸಿದ್ಧ ಗಾಂಧಿ ಚೀಟಿಗಳು ಸ್ವಿಟ್ಜರ್ಲೆಂಡಿನ ಕೂರ್ವಾಸಿಯೇ ಮುದ್ರಣಾಲಯದಲ್ಲಿ ಫೋಟೊಗ್ರವೂರ್ ವಿಧಾನದಿಂದ ಅಚ್ಚಾದವು. ಅಲ್ಲಿ ಚಿತ್ರವನ್ನು ಕ್ಯಾಮರಾದ ನೆರವಿನಿಂದ ಅಚ್ಚಿಗೆ ಇಳಿಸುತ್ತಾರೆ. ಕನ್ನಡಿಯಲ್ಲಿ ನೋಡಿದರೆ ನವಿರಾದ ಚುಕ್ಕೆಗಳ ಜಾಲ ಕಾಣುತ್ತದೆ. ಕೆತ್ತನೆಯ ಚೀಟಿಯಲ್ಲಾದರೆ ಚುಕ್ಕೆಗಳ ಜಾಲವಿಲ್ಲ, ಬರೀ ಗೆರೆಗಳು. ಅಗ್ಗವಾಗಿ, ಬೇಗ, ಬಣ್ಣಬಣ್ಣವಾಗಿ ಅಚ್ಚು ಮಾಡಲು ಫೋಟೊಗ್ರವೂರ್, ಆಫ್‌ಸೆಟ್ ಬಂದ ಮೇಲೆ ಬಹಳಷ್ಟು ದೇಶಗಳು ಕೆತ್ತನೆಗೆ ವಿದಾಯ ಹೇಳಿದವು. ಲೆಕ್ಕಾಚಾರದ ದೃಷ್ಟಿಯಿಂದ ಅದು ತಪ್ಪೆನ್ನಲೂ ಆಗದು.

ಫ್ರಾನ್ಸ್ ಬೇರೆ ವಿಧಾನಗಳನ್ನು ಧಾರಾಳವಾಗಿ ಬಳಸಿದರೂ ಕೆತ್ತನೆಯನ್ನು ಪೂರ್ತಿ ಬಿಡಲಿಲ್ಲ. ಜೊತೆಗೆ ಅಲ್ಲಿ ಒಂದು ಒಳ್ಳೆಯ ಪದ್ಧತಿ ಉಳಿದುಬಂದಿದೆ: ಚೀಟಿಯ ಕೆಳ ಅಂಚಿನಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಅದನ್ನು ಮಾಡಿದವರ ಹೆಸರು. ಚಿತ್ರ ಒಬ್ಬರದು, ಕೆತ್ತನೆ ಇನ್ನೊಬ್ಬರದು ಆಗಿದ್ದರೆ ಎರಡು ಹೆಸರು. ಎರಡೂ ಒಬ್ಬರದೇ ಆಗಿದ್ದರೆ ಒಂದೇ. ಹಳೆಯ ಫ್ರೆಂಚ್ ಚೀಟಿಗಳ ಪೊಟ್ಟಣ ಕೈಗೆ ಸಿಕ್ಕರೆ ಅಂಚುಗಳನ್ನು ಹುಡುಕಿ ನೋಡಿ. ಡಿ, ಇ, ಸಿ, ಎ, ಆರ್, ಐ, ಎಸ್ ಎಂಬ ಏಳು ಅಕ್ಷರಗಳು ಒಂಟಿಯಾಗಿ ನಿಂತಿರುವ ಚೀಟಿ ಸಿಗುವ ಸಂಭವ ಸಾಕಷ್ಟಿದೆ.

ಡೆಕಾರಿಸ್ ತೀರಿಕೊಂಡದ್ದು ಪ್ಯಾರಿಸ್ಸಿನಲ್ಲಿ, 1988ರ ಜನವರಿ 1ರಂದು. ಫ್ರಾನ್ಸಿನ ಮೊದಲ ಅಂಚೆಚೀಟಿ ಹುಟ್ಟಿ ಅಂದಿಗೆ ಸರಿಯಾಗಿ 139 ವರ್ಷ. ಆಮೇಲೆ ಪತ್ರ ಬರೆಯುವವರೇ ಕಡಿಮೆಯಾದರು. ಫ್ರಾನ್ಸಿನ ಅಂಚೆ ಇಲಾಖೆ 2023ರ ಜನವರಿ 1ರಿಂದ, ತ್ವರಿತ ಪತ್ರಗಳಿಗೆಂದು ಮೀಸಲಾಗಿದ್ದ ಕೆಂಪು ಅಂಚೆಚೀಟಿಯನ್ನೇ ನಿಲ್ಲಿಸಿಬಿಟ್ಟಿತು. ಇಂಥದೊಂದು ದಿನ ಬಂದೀತೆಂದು ಮೊದಲೇ ಊಹಿಸಿದಂತೆ, ಅಲ್ಲಿನ ಕೆತ್ತನೆಗಾರರೂ ಅಭಿಮಾನಿಗಳೂ 2005ರಲ್ಲಿ ಕೆತ್ತನೆಯ ಅಂಚೆಚೀಟಿಗಾಗಿಯೇ ಒಂದು ಸಂಘ ಕಟ್ಟಿಕೊಂಡಿದ್ದರು. 2018ರಲ್ಲಿ ಹೊರಬಂದ ಮರಿಯಾನಳ ಹೊಸ ಚೀಟಿಗೆ ಚಿತ್ರ ಬರೆದುಕೊಟ್ಟವರು ಬೀದಿಗೋಡೆಗಳ ಮೇಲೆ ಚಿತ್ರ ಮಾಡಿ ಹೆಸರಾದ ಕಲಾವಿದೆ ಇಸ್ಯೂಲ್ಟ್ ದಿಗಾನ್. ಮನೆಯಷ್ಟೆತ್ತರದ ಗೋಡೆಗೆ ಒಗ್ಗಿದ ಕೈ ಅದು. ಆ ಮುಖವನ್ನು ಚೀಟಿಗೆ ಇಳಿಸಲು ಅಲ್ಲಿಯೂ ಒಬ್ಬ ಕೆತ್ತನೆಗಾರ್ತಿ ಬೇಕಾದರು, ಎಲ್ಸಾ ಕಾತೆಲಿನ್.